ಕರ್ಣಿ ಸಿಂಗರ ಕೋವಿ

ಶರಾವತಿಯ ಹಿನ್ನೀರಿನ ದಂಡೆಯಲ್ಲಿ ನೆಲಸಿರುವ ಸಿಗಂದೂರಿನ ಚೌಡೇಶ್ವರಿಯ ಹೆಸರಿನ ಫಲಕವನ್ನು ಬೇಲಿಗೆ ಕಟ್ಟಿದರೆ ಕಳ್ಳನು ತೋಟದೊಳಗೆ ಕಾಲಿಡಲಾರನೆಂಬ ನಂಬಿಕೆಯು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ದೃಢವಾಗಿರುವುದು ವಾಚಕರಿಗೆ ವಿದಿತವಾದ ವಿಷಯವೇ. ಆದರೆ ಕಾಡುಹಂದಿಗೂ ಮಂಗಕ್ಕೂ ಅಕ್ಷರಜ್ಞಾನವಿಲ್ಲ. ಆದುದರಿಂದ ಅದೇ ತೋಟದ ಮನೆಯಲ್ಲಿ ಬೆಳೆರಕ್ಷಣೆಯ ಪರವಾನಗಿ ಪಡೆದ ಕೋವಿಯೊಂದು ಗೋಡೆಗೆ ತೂಗಿರುವುದೂ ಉಂಟು. ಅಜ್ಜನಿಂದ ಬಂದ ಈ ಕೋವಿಯು ಮೊಮ್ಮಗನ ಕೈಯಲ್ಲಿ ಏನಾಗಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಮೃಗಯಾವಿನೋದದ ಕಾಲವು ಮುಗಿಯಿತು. ರಾತ್ರಿ ಕಾಡು ಹೊಕ್ಕು ಕದ್ದು ಬೇಟೆಯಾಡಿ ನ್ಯಾಯಸ್ಥಾನದ ಮೆಟ್ಟಲು ಹತ್ತುವುದೊಂದು ದಾರಿ. ಹಾರುವ ಮಣ್ಣಿನ ಬಿಲ್ಲೆಯನ್ನು ಹೊಡೆಯುವ ಕ್ರೀಡೆಯನ್ನು ಕ್ರಮವಾಗಿ ಅಭ್ಯಸಿಸುವುದು ಮತ್ತೊಂದು. ಈ ಎರಡನೆಯ ದಾರಿಯಲ್ಲಿ ನಡೆದು ದೇಶಕ್ಕೆ ಕೀರ್ತಿ ತಂದವರಲ್ಲಿ ಅಗ್ರಗಣ್ಯರು ಬೀಕಾನೇರದ ಡಾಕ್ಟರ್ ಕರ್ಣಿ ಸಿಂಗರು. ಅವರ ಚರಿತ್ರೆಯು ಮಲೆನಾಡಿನ ತರುಣರು ಮನನ ಮಾಡತಕ್ಕುದೆಂದು ಭಾವಿಸಿ ಅದನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ಕರ್ಣಿ ಸಿಂಗರು 1924ನೆಯ ಇಸವಿ ಏಪ್ರಿಲ್ 21ರಂದು ಜನಿಸಿದರು. ಮರುಭೂಮಿಗೆ ಕಾಲುವೆಯ ನೀರನ್ನು ತಂದ ಮಹಾರಾಜಾ ಗಂಗಾ ಸಿಂಗರು ಇವರ ಪಿತಾಮಹರು. ಸಾದೂಲ ಸಿಂಗರು ತಂದೆ. ನಮ್ಮವರು ಚೌಡಪ್ಪ, ಚೌಡಮ್ಮನೆಂದು ಮಕ್ಕಳಿಗೆ ಹೆಸರಿಡುವಂತೆ, ಇವರ ಹೆಸರೂ ಮನೆತನದವರು ಆರಾಧಿಸುವ ದೇಶನೋಕದ ಕರ್ಣಿಮಾತೆಯದೇ. ಬೀಕಾನೇರದ ಸಮೀಪದ ಗಜನೇರ ಸರೋವರಕ್ಕೆ ನೀರು ಕುಡಿಯಲು ಬರುತ್ತಿದ್ದ ಹಕ್ಕಿಗಳ ಬೇಟೆಯು ಆಗ ಪ್ರಸಿದ್ಧವಾಗಿತ್ತು. ವೈಸರಾಯರೂ ಅವರ ಪರಿವಾರದವರೂ ಅತಿಥಿಗಳಾಗಿ ಬಂದು ಒಂದೊಂದು ದಿನದಲ್ಲಿ ಸಾವಿರಾರು ಹಕ್ಕಿಗಳನ್ನು ಉರುಳಿಸುತ್ತಿದ್ದರು. ಪರರ ಆಳ್ವಿಕೆಯನ್ನು ಪ್ರಸನ್ನಗೊಳಿಸುವ ಉಪಚಾರಗಳಲ್ಲಿ ಅದೂ ಒಂದಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಇಂತಹ ಮನೆಯಲ್ಲಿ ಹುಟ್ಟಿದವರಿಗೆ ಕೋವಿ ಸುಲಭವಾಗಿ ದೊರೆಯಿತು; ಅದನ್ನು ಯಾವುದಕ್ಕೆ ವಿನಿಯೋಗಿಸಿದರೆಂಬುದೇ ಅವರ ಹೆಚ್ಚುಗಾರಿಕೆ.

1947ರಲ್ಲಿ ಸಾದೂಲ ಸಿಂಗರು ತಮ್ಮ ಸಂಸ್ಥಾನವನ್ನು ಭಾರತದ ಒಕ್ಕೂಟಕ್ಕೆ ಸೇರಿಸಲು ಮುಂದಾದರು. 1950ರಲ್ಲಿ ಅವರು ಕಾಲವಾದಾಗ ಮಗನಿಗೆ ದೊರೆತುದು ಬಿರುದು ಮಾತ್ರ, ರಾಜ್ಯವಲ್ಲ. ಕರ್ಣಿ ಸಿಂಗರು ಅದಕ್ಕಾಗಿ ಕೊರಗುತ್ತ ಕುಳಿತುಕೊಳ್ಳಲಿಲ್ಲ. 1952ರಲ್ಲಿ ಯಾವ ಪಕ್ಷಕ್ಕೂ ಸೇರದೆ ಪ್ರಜೆಗಳ ಮತ ಯಾಚಿಸಿ ಲೋಕಸಭೆಯನ್ನು ಪ್ರವೇಶಿಸಿ 1977ರವರೆಗೆ ಸದಸ್ಯರಾಗಿದ್ದರು. ತಮ್ಮ ಮನೆತನದ ಚರಿತ್ರೆಯ ಮೇಲೆ ಪ್ರಬಂಧ ಬರೆದು 1964ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಸಂಪಾದಿಸಿದರು. ರಾಜಸ್ಥಾನಿ ಭಾಷೆಗೆ ಸಂವಿಧಾನದ ಮನ್ನಣೆ ದೊರೆಯಬೇಕೆಂದು ಸಭೆಯಲ್ಲಿ ವಾದಿಸಿದರು. ಭಾಷಾಭಿಮಾನಿಗಳಾದ ಕನ್ನಡಿಗರು ಇದೊಂದಕ್ಕಾಗಿಯೇ ಅವರನ್ನು ಗೌರವಿಸಬಹುದು.

ಇನ್ನು ಅವರ ಕ್ರೀಡೆಯ ವಿಷಯ. ಹಿಂದೆ ಪಾಶ್ಚಾತ್ಯರು ಪಂಜರದಿಂದ ಬಿಟ್ಟ ಜೀವಂತ ಪಾರಿವಾಳಗಳನ್ನು ಹೊಡೆದು ಪಂದ್ಯವಾಡುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ ಕಾಲದಲ್ಲಿಯೂ ಈ ಕ್ರೌರ್ಯ ನಡೆಯಿತು. ಅದಕ್ಕೂ ಮುಂಚೆಯೇ, 1880ರ ಸುಮಾರಿಗೆ, ಅಮೆರಿಕದ ಲಿಗೌಸ್ಕಿ ಎಂಬಾತನು ಮಣ್ಣಿನ ಬಿಲ್ಲೆಯನ್ನು ಯಂತ್ರದಿಂದ ಚಿಮ್ಮಿಸುವ ಉಪಾಯವನ್ನು ಕಂಡುಹಿಡಿದಿದ್ದನು. ಕ್ರಮೇಣ ಬಿಲ್ಲೆಯು ಹಕ್ಕಿಯ ಸ್ಥಾನವನ್ನು ಪಡೆಯಿತು. ಈಗಿನ ಬಿಲ್ಲೆಯು ಹೆಸರಿಗೆ ಮಾತ್ರ ಮಣ್ಣು. ಸುಣ್ಣಕಲ್ಲಿನ ಪುಡಿಯನ್ನು ರಾಳದಂತಹ ಅಂಟಿನಲ್ಲಿ ಕಲಸಿ ಮಾಡಿದ್ದು. ಅಗಲ 110 ಮಿಲಿಮೀಟರು. ಕರ್ಣಿ ಸಿಂಗರು ಆಡಿದ ಟ್ರ್ಯಾಪ್ ಪಂದ್ಯದಲ್ಲಿ ಅದು ಮುಂದಿನ ಹಳ್ಳದಿಂದ ಚಿಮ್ಮಿ ದೂರಕ್ಕೆ ಓಡುತ್ತದೆ. ಎಡಕ್ಕೋ ಬಲಕ್ಕೋ ಮೊದಲೇ ತಿಳಿಯದು. ಸ್ಪೋರ್ಟಿಂಗ್ ಕ್ಲೇಸ್ ಎಂಬ ಪಂದ್ಯದಲ್ಲಾದರೋ ಕೆಲವು ಬಿಲ್ಲೆಗಳು ಮೊಲದಂತೆ ನೆಲದ ಮೇಲೆ ಉರುಳುತ್ತವೆ, ಕೆಲವು ಹಕ್ಕಿಯಂತೆ ತಲೆಯ ಮೇಲೆ ಹಾಯುತ್ತವೆ. ಬೇಟೆಯ ಸಮಸ್ತ ಕೌಶಲವೂ ಅಲ್ಲುಂಟು. ಪ್ರಾಣಹಾನಿ ಮಾತ್ರ ಇಲ್ಲ.

ಈ ವಿದ್ಯೆಯಲ್ಲಿ ಕರ್ಣಿ ಸಿಂಗರು 17 ಸಲ ರಾಷ್ಟ್ರೀಯ ವಿಜೇತರಾದರು. 1960ರಲ್ಲಿ ರೋಮಿನ ಒಲಿಂಪಿಕ್ ಪಂದ್ಯದಲ್ಲಿ ಎಂಟನೆಯ ಸ್ಥಾನ ಪಡೆದರು. 1961ರಲ್ಲಿ ಅರ್ಜುನ ಪ್ರಶಸ್ತಿಯು ಸ್ಥಾಪಿತವಾದಾಗ ಮೊದಲ ವರ್ಷವೇ ಅದಕ್ಕೆ ಪಾತ್ರರಾದರು. 1962ರಲ್ಲಿ ಕೈರೋ ನಗರದ ವಿಶ್ವಸ್ಪರ್ಧೆಯಲ್ಲಿ ರಷ್ಯದ ಪ್ರತಿಸ್ಪರ್ಧಿಗೆ ಸರಿಸಮನಾಗಿ ನಿಂತು, ಸಮತೆಯನ್ನು ಬಿಡಿಸುವ ಕೊನೆಯ ಸುತ್ತಿನಲ್ಲಿ ಸೋತು ಬೆಳ್ಳಿಯ ಪದಕವನ್ನು ತಂದರು. 1980ರ ಮಾಸ್ಕೋ ಕೂಟದಲ್ಲಿ ತಮ್ಮ 56ನೆಯ ವಯಸ್ಸಿನಲ್ಲಿ ಕೋವಿಯೆತ್ತಿದಾಗ, ಐದು ಒಲಿಂಪಿಕ್ ಕೂಟಗಳಲ್ಲಿ ಆಡಿದ ಮೊದಲ ಭಾರತೀಯರಾದರು. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿಯುವುದು 1971ನೆಯ ಇಸವಿ. ಆ ವರ್ಷದ ಕೊನೆಯಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜರ ಬಿರುದುಗಳೂ ರಾಜಧನವೂ ರದ್ದಾದವು. ಅದೇ ವರ್ಷ ಸಿಯೋಲ್ ನಗರದಲ್ಲಿ ಕರ್ಣಿ ಸಿಂಗರು ಏಷ್ಯಾದ ವಿಜೇತರಾದರು. ವಂಶದಿಂದ ಬಂದ ಪದವಿಯು ಹೋಯಿತು. ಭುಜಬಲದಿಂದ ಬಂದುದು ಉಳಿಯಿತು. ಹಾರುವ ಬಿಲ್ಲೆಯು ಹೊಡೆಯುವವನ ಕುಲಗೋತ್ರಗಳನ್ನು ವಿಚಾರಿಸದು.

ಈ ವಿದ್ಯೆಯನ್ನು ಆರಂಭಿಸಲಿಚ್ಛಿಸುವವರಿಗೆ ಎರಡು ಮಾತು ಹೇಳುವುದು ಉಚಿತ. ಕೋವಿಯ ಬೆಲೆಯನ್ನೂ ಬೆಳ್ಳಿಯ ಕೆತ್ತನೆಯನ್ನೂ ನೋಡಿ ಮರುಳಾಗಕೂಡದು. ಕೋವಿಯು ಮೈಗೆ ಒಪ್ಪಬೇಕು. ಚರೆಯ ಕೋವಿಗೆ ಹಿಂದಿನ ಗುರಿಗಣ್ಣು ಇಲ್ಲ. ಹೊಡೆಯುವವನ ಕಣ್ಣೇ ಗುರಿಗಣ್ಣು. ಹೆಗಲಿಗೆ ಒತ್ತುವ ಮರದ ಹಿಡಿಯು ಉದ್ದವಾದರೆ ಅಂಗಿಗೆ ತೊಡರುವುದು; ಗಿಡ್ಡವಾದರೆ ಕೆನ್ನೆಗೆ ಪೆಟ್ಟು ಬೀಳುವುದು. ಹನ್ನೆರಡು ಬೋರಿನ, ಒಂದರ ಮೇಲೊಂದು ನಳಿಗೆಯುಳ್ಳ ಕೋವಿಯು ಈ ಕ್ರೀಡೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ನಳಿಗೆಯು 28ರಿಂದ 32 ಅಂಗುಲವಿದ್ದರೆ ಕೋವಿಯು ನಿಧಾನವಾಗಿ, ನೇರವಾಗಿ ಹೊರಳುವುದು. ತೀರ ಹಗುರವಾದುದು ಹೊರಲು ಸುಖ, ಹೊಡೆಯಲು ಕಷ್ಟ. ಒದೆತವು ಹೆಗಲನ್ನು ನೋಯಿಸುವುದು. ಎರಡು ಕಣ್ಣುಗಳನ್ನೂ ತೆರೆದು ದೂರದ ಅಡಕೆಮರಕ್ಕೆ ಹೆಬ್ಬೆರಳು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಯಾವ ಕಣ್ಣಿಗೆ ಬೆರಳು ಮರದಿಂದ ಸರಿಯದೋ ಅದೇ ಪ್ರಬಲವಾದ ಕಣ್ಣು. ಸಾಧ್ಯವಾದಮಟ್ಟಿಗೆ ಅದೇ ಪಾರ್ಶ್ವದ ಹೆಗಲಿಗೆ ಕೋವಿಯನ್ನು ರೂಢಿಸಿಕೊಳ್ಳುವುದು ಮೇಲು. ಕೊಳ್ಳುವ ಮುನ್ನ ಸಂಘವೊಂದರಲ್ಲಿ ಬಲ್ಲವರ ಎದುರಿಗೆ ಅವರ ಕೋವಿಯನ್ನೇ ಹಿಡಿದು ಕಲಿಯುವುದು ವಿವೇಕ. ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯನ್ನು ಕ್ರೀಡೆಗೆ ತರುವ ಮುನ್ನ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸತಕ್ಕುದು.

ಕರ್ಣಿ ಸಿಂಗರು 1988ನೆಯ ಸೆಪ್ಟೆಂಬರ್ 6ರಂದು ದಿವಂಗತರಾದರು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯ ತುಘಲಕಾಬಾದಿನಲ್ಲಿ ಕಟ್ಟಿದ ಗುರಿಯ ಬಯಲು ಅವರ ಹೆಸರನ್ನು ಹೊತ್ತಿದೆ. ರಾಜಪುತ್ರರಿಗೆ ಬಯಲೂ ತೋಟಾಗಳೂ ಸ್ವಂತದ್ದಾಗಿಯೇ ಸಿಕ್ಕುವುವು. ರೈತನ ಮಗನಿಗೆ ಅವನ್ನು ಒದಗಿಸಿಕೊಡುವವರು ಯಾರು? ಕೊಡಗಿನಲ್ಲಿ ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವು ಊರಿಗೆ ಊರೇ ನೆರೆದು ನಡೆಸುವ ಉತ್ಸವವಾಗಿದೆ. ಅಲ್ಲಿ ಕೋವಿಯು ಸಂಭ್ರಮದ ವಸ್ತು. ನಮ್ಮ ಸೀಮೆಯಲ್ಲಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಹಾಕುವ ಭಾರ. ಮಲೆನಾಡಿನ ತಾಲ್ಲೂಕುಗಳವರ ಕೈಗೆ ಎಟಕುವಂತೆ ಒಂದು ಬಯಲನ್ನೂ, ಬಿಲ್ಲೆ ಚಿಮ್ಮಿಸುವ ಯಂತ್ರವನ್ನೂ, ತಿಳಿದ ಶಿಕ್ಷಕನೊಬ್ಬನನ್ನೂ ಸರ್ಕಾರವು ಒದಗಿಸುವುದಾದರೆ ಕಾಡಿನ ಮೃಗಗಳಿಗೂ ಊರಿನ ತರುಣರಿಗೂ ಏಕಕಾಲದಲ್ಲಿ ಉಪಕಾರವಾಗುವುದು. ಸಂಬಂಧಪಟ್ಟ ಅಧಿಕಾರಿಗಳು ಈ ಸಲಹೆಯನ್ನು ಪರಿಶೀಲಿಸುವರೆಂದು ನಂಬುತ್ತೇವೆ.