ಚರಕದಿಂದ ವಿಮಾನದವರೆಗೆ: ಸರ್ ಮಿರ್ಝಾ ಇಸ್ಮಾಯಿಲ್

ಸರ್ ಮಿರ್ಝಾ ಇಸ್ಮಾಯಿಲ್ ಎಂದೊಡನೆ ನಮಗೆ ನೆನಪಾಗುವುದು ಬೃಂದಾವನ ಉದ್ಯಾನ ಮತ್ತು ಅಚ್ಚುಕಟ್ಟಾದ ನಗರಗಳು. ಮೈಸೂರು ಸಂಸ್ಥಾನದ ಕೈಗಾರಿಕೆಗಳಿಗೆ ಅವರು ನೀಡಿದ ಕೊಡುಗೆಯೂ ಅಷ್ಟೇ ಮಹತ್ವದ್ದು. ಯಾವ ವಸ್ತುವನ್ನು ಎಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಸಬೇಕು ಎಂಬ ಪ್ರಶ್ನೆಗೆ ಅವರ ಆಡಳಿತ ಒಂದೇ ಉತ್ತರವನ್ನು ಹಿಡಿದು ಕೂರಲಿಲ್ಲ.

1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದ ಮಿರ್ಝಾ, ಇರಾನಿನ ಶಿರಾಝ್‌ನಿಂದ ಬಂದು ಕುದುರೆ ವ್ಯಾಪಾರದಲ್ಲಿ ಹೆಸರು ಮಾಡಿದ ಅಲಿ ಅಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಕಲಿತು, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. 1926ರಿಂದ 1941ರವರೆಗೆ ದಿವಾನರಾಗಿದ್ದರು.

ನಂಜನಗೂಡು ಸಮೀಪದ ಬದನವಾಳುವಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಆರಂಭವಾಯಿತು. ನೂಲುವವರಿಗೆ ದೊಡ್ಡ ಬಂಡವಾಳ ಬೇಕಿರಲಿಲ್ಲ. ಮನೆಯಲ್ಲೊಂದು ಚರಕವಿದ್ದರೆ ಸಾಕು, ಹೊಲದ ಕೆಲಸವಿಲ್ಲದ ದಿನಗಳಲ್ಲೂ ಹೆಣ್ಣುಮಕ್ಕಳ ಕೈಗೆ ಕಾಸು ಬರುತ್ತಿತ್ತು. ಇಲ್ಲಿ ಚಿಕ್ಕ ಪ್ರಮಾಣವೇ ಲಾಭ.

ಸಕ್ಕರೆಯ ವಿಷಯ ಹಾಗಲ್ಲ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಅದರ ಸಕ್ಕರೆ ಅಂಶ ಇಳಿಯುತ್ತದೆ. ಗಾಣ, ಬಾಯ್ಲರುಗಳಿಗೆ ಹಾಕಿದ ಹಣ ಹಿಂದಿರುಗಬೇಕಾದರೆ ಹಂಗಾಮಿನುದ್ದಕ್ಕೂ ಯಂತ್ರ ನಿಲ್ಲದೆ ತಿರುಗಬೇಕು. ಅದಕ್ಕೆ ಸುತ್ತಲೂ ಸಾವಿರಾರು ಎಕರೆ ಕಬ್ಬು ಬೇಕು, ಕಬ್ಬಿಗೆ ನೀರು ಬೇಕು. ಕೃಷ್ಣರಾಜಸಾಗರದ ನಾಲೆ ಮಂಡ್ಯಕ್ಕೆ ನೀರು ತಂದಿತು. 1932ರಲ್ಲಿ ಭಾರತ ಸರಕಾರ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ನೀಡಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ನೀರು, ಬೆಳೆ, ಮಾರುಕಟ್ಟೆ ಮೂರೂ ಕೂಡಿದಾಗ ದೊಡ್ಡ ಕಾರ್ಖಾನೆ ಸಾಧ್ಯವಾಯಿತು.

ರೇಷ್ಮೆಯಲ್ಲಿ ಇವೆರಡೂ ಬೆರೆತವು. ಗೂಡಿನಿಂದ ನೂಲು ಬಿಚ್ಚುವುದು ಸಣ್ಣ ರೀಲರುಗಳ ಕಸುಬು. ಅದರಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳು ತಲೆಮಾರುಗಳಿಂದ ದುಡಿದಿವೆ. ಬಿಚ್ಚಿದ ಮೇಲೆ ಉಳಿಯುವ ತುಂಡು ಎಳೆ, ತೂತಾದ ಗೂಡು ಒಬ್ಬೊಬ್ಬರ ಮನೆಯಲ್ಲಿ ಅಲ್ಪವೇ. ಆದರೆ ಎಲ್ಲ ಕಡೆಯಿಂದ ಒಟ್ಟುಗೂಡಿಸಿದರೆ ಒಂದು ಮಿಲ್ಲಿಗೆ ಸಾಲುವಷ್ಟು ಕಚ್ಚಾ ಮಾಲು. ಅಂತಹ ಉಳಿಕೆ ರೇಷ್ಮೆಯನ್ನು ಬಾಚಿ ನೂಲುವ ಮಿಲ್ಲು 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಬಂತು. ಇಲ್ಲಿ ಸಣ್ಣ ಕಸುಬೇ ದೊಡ್ಡ ಯಂತ್ರಕ್ಕೆ ಮೇವು ಒದಗಿಸಿತು.

ದೊಡ್ಡದೆಲ್ಲ ಸುಲಭವಾಗಿ ಗೆಲ್ಲಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾದ ಭದ್ರಾವತಿ ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಬೀಡು ಕಬ್ಬಿಣದ ಬೆಲೆ ಕುಸಿದಿತ್ತು. ಟೀಕೆಗಳೂ ಬಂದವು. ಮಿರ್ಝಾ ಕಾಲದಲ್ಲಿ ಕಾರ್ಖಾನೆಯನ್ನು ಮುಚ್ಚಲಿಲ್ಲ. 1936ರಲ್ಲಿ ಅಲ್ಲಿ ಉಕ್ಕಿನ ಘಟಕ ಸೇರಿತು. ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಹೆಚ್ಚು ಬೆಲೆಯ ಸರಕನ್ನಾಗಿಸುವ ದಾರಿ ಅದು. ಅದೇ ವರ್ಷ ಭದ್ರಾವತಿಯ ಕಾಗದ ಕಾರ್ಖಾನೆಗೂ ಕಂಪೆನಿ ರಚನೆಯಾಯಿತು.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿನಲ್ಲಿ ಸ್ಥಾಪನೆಯಾದಾಗ ಸಂಸ್ಥಾನವೂ ಪಾಲುದಾರನಾಗಿ ಜಮೀನು, ಬಂಡವಾಳ ನೀಡಿತು. ವಿಮಾನವನ್ನು ಸಕ್ಕರೆಯಂತೆ ಮೂಟೆಗಟ್ಟಲೆ ಉತ್ಪಾದಿಸಲಾಗದು. ಒಂದೊಂದಕ್ಕೂ ನುರಿತ ಕೈಗಳ ದೀರ್ಘ ಶ್ರಮ ಬೇಕು. ಕಾರ್ಖಾನೆ ದೊಡ್ಡದು, ಮಾಡುವ ವಸ್ತುಗಳ ಸಂಖ್ಯೆ ಚಿಕ್ಕದು. ಇಂದಿನ ಎಚ್‌ಎಎಲ್‌ಗೆ ಅದೇ ಬುನಾದಿ.

ಮುಂದೆ ಜೈಪುರ, ಹೈದರಾಬಾದ್ ಸಂಸ್ಥಾನಗಳಲ್ಲೂ ಆಡಳಿತ ನಡೆಸಿದ ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಇಂದು ನಮ್ಮ ಸಮುದಾಯದ ಎಷ್ಟೋ ಮಂದಿ ಗ್ಯಾರೇಜು, ಹೊಲಿಗೆ, ಮರಗೆಲಸ, ರೇಷ್ಮೆಯಂತಹ ಸಣ್ಣ ಕಸುಬುಗಳಲ್ಲಿದ್ದಾರೆ. ತಂದೆಯ ಕಸುಬು ಚಿಕ್ಕದೆಂದು ಓದಿದ ಮಗ ನಾಚಿ ದೂರ ಸರಿಯುವುದೂ ಉಂಟು, ಲೆಕ್ಕವಿಲ್ಲದೆ ಸಾಲ ಮಾಡಿ ಹಿಗ್ಗಿಸಿ ಕೈಸುಟ್ಟುಕೊಳ್ಳುವುದೂ ಉಂಟು. ಕಚ್ಚಾ ಮಾಲು ಎಲ್ಲಿಂದ, ಯಂತ್ರ ವರ್ಷಕ್ಕೆಷ್ಟು ದಿನ ನಡೆದೀತು, ಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಚಿಕ್ಕದಾಗಿಯೇ ಇರಬೇಕೋ ಬೆಳೆಸಬೇಕೋ ಎಂಬುದು ತಿಳಿಯುತ್ತದೆ. ವಿದ್ಯೆ ಆ ಲೆಕ್ಕಕ್ಕೆ ನೆರವಾಗಲಿ.