ವಿವಾಲ್ಡಿ: ಪೂಜೆ ಅರ್ಪಿಸಲಾಗದ ಗುರುವಿನ ಮಹಿಮಾಗೀತೆ

ಭಾನುವಾರದ ಬಲಿಪೂಜೆಯಲ್ಲಿ ನಾವು ಒಂದು ವಾರ ಕನ್ನಡದಲ್ಲಿ, ಇನ್ನೊಂದು ವಾರ ತಮಿಳಿನಲ್ಲಿ ಮಹಿಮಾಗೀತೆ ಹಾಡುತ್ತೇವೆ. ಅದನ್ನೇ ಲ್ಯಾಟಿನ್‌ನಲ್ಲಿ ಗಾನವೃಂದಕ್ಕೆ ಅಳವಡಿಸಿದ ಪ್ರಸಿದ್ಧರಲ್ಲಿ ಒಬ್ಬರು ಸ್ವತಃ ಗುರುಗಳು, ಇಟಲಿಯ ಅಂತೋನಿಯೊ ವಿವಾಲ್ಡಿ.

1678ರ ಮಾರ್ಚ್ 4ರಂದು ವೆನಿಸ್‌ನಲ್ಲಿ ಹುಟ್ಟಿದರು. ಮಗು ಉಳಿಯುವುದೋ ಇಲ್ಲವೋ ಎಂದು ಸೂಲಗಿತ್ತಿಯೇ ಮನೆಯಲ್ಲಿ ಜ್ಞಾನಸ್ನಾನ ಕೊಟ್ಟಳು. ಪಿಟೀಲು ಕಲಿಸಿದ್ದು ತಂದೆ. 1703ರಲ್ಲಿ ಗುರುದೀಕ್ಷೆಯಾಯಿತು. ಕೂದಲು ಕೆಂಪು, ಹಾಗಾಗಿ ಊರಿಗೆಲ್ಲ ‘ಕೆಂಪು ಪಾದ್ರಿ’. ಆದರೆ ಹುಟ್ಟಿನಿಂದಲೇ ಎದೆಬಿಗಿತ. ಪೂಜೆಯ ನಡುವೆಯೇ ಪೀಠ ಬಿಟ್ಟು ಹೋಗಬೇಕಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಪೂಜೆ ಅರ್ಪಿಸುವುದನ್ನೇ ನಿಲ್ಲಿಸಿದರು. ಅದು ಆಸ್ತಮಾ ಇರಬೇಕೆಂದು ಈಗಿನವರ ಊಹೆ. 1737ರಲ್ಲಿ ಫೆರಾರಾದ ಕಾರ್ಡಿನಲ್, ಪೂಜೆ ಮಾಡದ ಗುರು, ಗಾಯಕಿಯೊಬ್ಬಳ ಸ್ನೇಹ ಬೇರೆ ಎಂದು ತಮ್ಮ ನಗರಕ್ಕೆ ಬರದಂತೆ ತಡೆದರು. ಉಬ್ಬಸದವರನ್ನು ಮನೆಯಲ್ಲೇ ಕಂಡ ನಮಗೆ ಇದು ತುಸು ಕಠಿಣವೆನಿಸುತ್ತದೆ.

ದೀಕ್ಷೆಯಾದ ವರ್ಷವೇ ಪಿಯೆತಾ ಅನಾಥಾಲಯದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸತೊಡಗಿದ್ದರು. ಮಹಿಮಾಗೀತೆಯನ್ನು ಬರೆದದ್ದೂ ಆ ಮಕ್ಕಳಿಗಾಗಿಯೇ ಎಂದು ಬಲ್ಲವರ ಅಭಿಪ್ರಾಯ. 1741ರ ಜುಲೈಯಲ್ಲಿ ದೂರದ ವಿಯೆನ್ನಾದಲ್ಲಿ ಬಡವರಾಗಿ ತೀರಿಕೊಂಡರು. ಜನ ಮರೆತರು. ಹಸ್ತಪ್ರತಿಗಳು ಕೈಯಿಂದ ಕೈಗೆ ಹೋಗಿ ಕಣ್ಮರೆಯಾದವು.

1926ರಲ್ಲಿ ಬೋರ್ಗೊ ಸಾನ್ ಮಾರ್ತೀನೊ ಎಂಬ ಊರಿನ ಸಲೇಸಿಯನ್ ಶಾಲೆಯ ಗುರುಗಳಿಗೆ ಕಟ್ಟಡದ ದುರಸ್ತಿಗೆ ಹಣ ಬೇಕಾಯಿತು. ತಮ್ಮಲ್ಲಿದ್ದ ಹಳೆಯ ಸಂಗೀತ ಪುಸ್ತಕಗಳಿಗೆ ಬೆಲೆ ಕಟ್ಟಿಕೊಡಿ ಎಂದು ತೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿದರು. ಪ್ರಾಧ್ಯಾಪಕ ಆಲ್ಬೆರ್ತೊ ಜೆಂತೀಲಿ ತೆರೆದು ನೋಡಿದರೆ ವಿವಾಲ್ಡಿಯ 14 ಸಂಪುಟ, ಬಹುಪಾಲು ಅವರದೇ ಕೈಬರಹ! ಸಂಪುಟಗಳ ಸಂಖ್ಯೆ ನಡುನಡುವೆ ತಪ್ಪಿತ್ತು. ಉಳಿದ ಭಾಗ ಬೇರೆಲ್ಲೋ ಇರಬೇಕೆಂದು ಜೆಂತೀಲಿ ಊಹಿಸಿದರು. ಹುಡುಕಿದಾಗ ಜೆನೋವಾದ ದುರಾತ್ಸೊ ಮನೆತನದಲ್ಲಿ ಸಿಕ್ಕಿತು.

ಕೊಳ್ಳಲು ಗ್ರಂಥಾಲಯದ ಬಳಿ ಹಣವಿರಲಿಲ್ಲ. ಮೊದಲ ಭಾಗವನ್ನು ರೊಬೆರ್ತೊ ಫೋವಾ, ಎರಡನೆಯದನ್ನು 1930ರಲ್ಲಿ ಫಿಲಿಪ್ಪೊ ಜೋರ್ದಾನೊ ಕೊಂಡು ದಾನವಿತ್ತರು. ಇಬ್ಬರೂ ಪುಟ್ಟ ಮಗನನ್ನು ಮಣ್ಣುಮಾಡಿದ್ದ ತಂದೆಯರು. ಮೌರೊ, ರೆಂತ್ಸೊ ಎಂಬ ಆ ಮಕ್ಕಳ ಹೆಸರೇ ಇಂದಿಗೂ ಆ ಸಂಗ್ರಹಗಳಿಗಿದೆ.

ಮಹಿಮಾಗೀತೆ ಇದ್ದದ್ದು ರೆಂತ್ಸೊ ಹೆಸರಿನ ಸಂಗ್ರಹದಲ್ಲಿ. 1939ರ ಸೆಪ್ಟೆಂಬರಿನಲ್ಲಿ ಸಿಯೆನಾ ನಗರದಲ್ಲಿ ಅದನ್ನು ಮತ್ತೆ ಹಾಡಿದರು. ಅಷ್ಟರಲ್ಲಿ ಅದನ್ನು ಹುಡುಕಿಕೊಟ್ಟ ಜೆಂತೀಲಿಯವರ ಕೆಲಸ ಹೋಗಿತ್ತು. ಅವರು ಯೆಹೂದ್ಯರು, 1938ರ ಜನಾಂಗ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರಗಟ್ಟಿತ್ತು.