ಬೇಗ ಕಲಿಯುವ ಮಕ್ಕಳಿಗಾಗಿ ಒಂದು ಬದುಕು

ಕ್ಲಾಸಿನಲ್ಲಿ ಹಿಂದುಳಿದವರಿಗೆ ವಿಶೇಷ ತರಗತಿ ಇರುತ್ತದೆ. ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದವರಿಗೆ? ಹೆಚ್ಚಾಗಿ ಸುಮ್ಮನೆ ಕೂರುವ ಶಿಕ್ಷೆ. ಇದನ್ನು ಗಂಭೀರ ಸಮಸ್ಯೆ ಎಂದು ಪರಿಗಣಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಬಗ್ಗೆ ಓದಿದ ಮೇಲೆ, ಬಿಇ ವಿದ್ಯಾರ್ಥಿಯಾದ ನನಗೆ ಶಾಲೆಯನ್ನು ನೋಡುವ ದೃಷ್ಟಿಯೇ ಬದಲಾಯಿತು.

ಲೀಟಾ 1886ರಲ್ಲಿ ನೆಬ್ರಾಸ್ಕದ ಚಾಡ್ರನ್ ಬಳಿ ಹುಟ್ಟಿದರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಅಜ್ಜ, ಅಜ್ಜಿ ಸಾಕಿದರು. 1906ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಶಿಕ್ಷಕಿಯಾದರು. 1908ರಲ್ಲಿ ಮದುವೆಯಾಗಿ ನ್ಯೂಯಾರ್ಕ್‌ಗೆ ಬಂದಾಗ ಬಾಗಿಲು ಮುಚ್ಚಿತ್ತು. ವಿವಾಹಿತ ಮಹಿಳೆಗೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕಿಯ ಕೆಲಸ ಕೊಡುತ್ತಿರಲಿಲ್ಲ. ಪದವಿ, ಅನುಭವ ಎರಡೂ ಇದ್ದು ಮನೆಯಲ್ಲಿ ಕೂರುವ ನೋವು ಕೆಲಸ ಹುಡುಕುವ ನಮಗೆ ಹೊಸದಲ್ಲ.

ಅವರು ಮತ್ತೆ ಓದಲು ಹೊರಟರು. ಕೊಲಂಬಿಯಾದಲ್ಲಿ 1916ರಲ್ಲಿ ಪಿಎಚ್‌.ಡಿ. ಪಡೆದರು. ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಬುದ್ಧಿ ಮಂಕಾಗುತ್ತದೆಂಬ ಅಂದಿನ ನಂಬಿಕೆಗೆ ಆಧಾರವಿಲ್ಲ ಎಂದು ಪ್ರಯೋಗ ಮಾಡಿ ತೋರಿಸಿದ್ದು ಆ ಪ್ರಬಂಧದಲ್ಲೇ. ಮಂದಬುದ್ಧಿಯವರೆಂದು ಕಳಿಸಲಾದ ಮಕ್ಕಳನ್ನು ಪರೀಕ್ಷಿಸುವ ನೌಕರಿಯನ್ನೂ ಮಾಡಿದರು. ಮುಂದೆ ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲೆಂದು 8 ವರ್ಷದ ಹುಡುಗನೊಬ್ಬನಿಗೆ ಬುದ್ಧಿ ಪರೀಕ್ಷೆ ಕೊಟ್ಟಾಗ ಅವನ ಅಂಕ ಕಂಡು ಬೆರಗಾದರು. ಇಂಥವರ ಗತಿ ಶಾಲೆಯಲ್ಲಿ ಏನು ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1922ರಲ್ಲಿ ಮ್ಯಾನ್‌ಹಟನ್ನಿನ ಸರ್ಕಾರಿ ಶಾಲೆ 165ರಲ್ಲಿ ಇಂಥ ಮಕ್ಕಳಿಗೆ ವಿಶೇಷ ತರಗತಿಗಳು ಶುರುವಾದವು. 1936ರಲ್ಲಿ ಸ್ಪೇಯರ್ ಶಾಲೆಯ ಪ್ರಯೋಗ ಬಂತು. ಅಲ್ಲಿ ನಿಧಾನವಾಗಿ ಕಲಿಯುವವರಿಗೂ ತರಗತಿಗಳಿದ್ದವು. ಬೇಗ ಕಲಿಯುವವರನ್ನು ತರಗತಿ ಹಾರಿಸಿ ಮೇಲಕ್ಕೆ ತಳ್ಳುವ ಬದಲು ಲೀಟಾ ಪಾಠವನ್ನೇ ಆಳವಾಗಿಸಿದರು. ಊಟ, ಬಟ್ಟೆ, ಮನೆ, ಬೆಳಕು, ಸಾರಿಗೆಯಂಥ ದಿನಬಳಕೆಯ ಸಂಗತಿಗಳು ಹೇಗೆ ಬೆಳೆದುಬಂದವು ಎಂದು ಮಕ್ಕಳೇ ಹುಡುಕಿ ಕಲಿಯಬೇಕಿತ್ತು. ಬುದ್ಧಿ ಸೂಚ್ಯಂಕ 140 ಇರುವ ಮಗು ಸಾಮಾನ್ಯ ತರಗತಿಯಲ್ಲಿ ಅರ್ಧ ಸಮಯವನ್ನು ವ್ಯರ್ಥ ಮಾಡುತ್ತದೆ ಎಂಬುದು ಅವರ ಅಂದಾಜು. ಹಾಗೆ ಸುಮ್ಮನೆ ಕೂತ ಮಗು ಸೋಮಾರಿತನ ಕಲಿಯುತ್ತದೆ, ಒಂಟಿಯಾಗುತ್ತದೆ ಎಂಬುದು ಅವರ ಆತಂಕ.

1939ರಲ್ಲಿ, 53ನೇ ವಯಸ್ಸಿನಲ್ಲಿ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಅವರ ಅಪೂರ್ಣ ಪುಸ್ತಕವನ್ನು ಪತಿ ಹ್ಯಾರಿ 1942ರಲ್ಲಿ ಹೊರತಂದರು. ಇಂದು ಅಮೆರಿಕದ ಅನೇಕ ಶಾಲಾ ಜಿಲ್ಲೆಗಳಲ್ಲಿ ಪ್ರಾಥಮಿಕ ಹಂತದಲ್ಲಿ ವಾರಕ್ಕೆ ಕೆಲವು ಗಂಟೆ ಪ್ರತ್ಯೇಕ ಪಾಠ, ಮಾಧ್ಯಮಿಕ ಹಂತದಲ್ಲಿ ಮುಂದಿನ ವರ್ಷದ ಗಣಿತ, ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ವಿಷಯಗಳಿವೆ. ಆದರೆ ಇವನ್ನು ಕಡ್ಡಾಯ ಮಾಡುವ ರಾಷ್ಟ್ರೀಯ ಕಾನೂನು ಇಲ್ಲ. ಮಗುವಿಗೆ ಏನು ಸಿಗುತ್ತದೆ ಎಂಬುದು ಅದು ಯಾವ ಊರಿನಲ್ಲಿದೆ ಎಂಬುದರ ಮೇಲೆ ನಿಂತಿದೆ.

ಲೀಟಾರ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಪ್ರತಿಭೆ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆಂದು ಅವರು ನಂಬಿದ್ದರು. ಒಂದು ಪರೀಕ್ಷೆಯ ಅಂಕವನ್ನೇ ನೆಚ್ಚಿಕೊಂಡರೆ ಮನೆಯಲ್ಲಿ ಪುಸ್ತಕವೇ ಇಲ್ಲದ ಜಾಣ ಮಗು ಹೊರಗುಳಿಯುತ್ತದೆ. ಆದರೂ ಈ ಹೊಣೆ ದುಡ್ಡಿರುವ ಪೋಷಕರದ್ದಷ್ಟೇ ಅಲ್ಲ, ಸರ್ಕಾರಿ ಶಾಲೆಯದ್ದೂ ಹೌದು ಎಂದು ತೋರಿಸಿಕೊಟ್ಟಿದ್ದು ದೊಡ್ಡದು. ಓದಿನ ಜೊತೆ ಟ್ಯೂಷನ್ ಹೇಳುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೇವೆ. ಲೆಕ್ಕ ಮುಗಿಸಿ ಕೂತ ಮಗುವಿಗೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕ ಕೊಡುವ ಬದಲು, ಯೋಚಿಸಬೇಕಾದ ಒಂದೇ ಒಂದು ಪ್ರಶ್ನೆ ಕೊಡೋಣ.